ಬಣ್ಣದ ಪಟ್ಟಿಯ ಚಿತ್ರಗಳು

ತಣ್ಣನೆಯ ಕಡಲೊಂದರಲ್ಲಿ ಬಲೆಯ ಪಂಜರ ಕಟ್ಟಿ ಸಾಲ್ಮನ್ ಮೀನು ಸಾಕುತ್ತಿದ್ದರು. ಕಡಲಲ್ಲಿ ಸ್ವತಂತ್ರವಾಗಿ ಈಜುವ ಸಾಲ್ಮನ್ ಸಿಗಡಿ ತಿಂದು ಒಳಗೆಲ್ಲ ಕೆಂಪಾಗುತ್ತದೆ. ಪಂಜರದ ಮೀನಿಗೆ ಸಿಗಡಿ ಎಲ್ಲಿಂದ ಬರಬೇಕು? ಹಾಗಾಗಿ ಅದರ ಮಾಂಸ ಬೂದುಬಣ್ಣವಾಗದಿರಲೆಂದು ಮೇವಿಗೇ ಬಣ್ಣ ಬೆರೆಸುತ್ತಿದ್ದರು. ಕೆಂಪು ಸಾಕೋ ಇಲ್ಲವೋ ಎಂದು ಹೋಲಿಸಿ ನೋಡಲು ಒಂದು ಬಣ್ಣದ ಪಟ್ಟಿ ಇತ್ತು. ತೆಳುಗುಲಾಬಿಯಿಂದ ಕಡುಗೆಂಪಿನವರೆಗೆ ಬಣ್ಣಗಳನ್ನು ಹೊತ್ತು ಅದು ಪಂಜರದ ಕಂಬಿಗೆ ತೂಗುತ್ತಿತ್ತು.

"ನಾನು ಕಲಾವಿದ. ನೀವೆಲ್ಲ ನನ್ನ ಚಿತ್ರಗಳು," ಎಂದು ಪಟ್ಟಿ ಕೊಚ್ಚಿಕೊಳ್ಳುತ್ತಿತ್ತು.

ಇದನ್ನು ಕೇಳಿದ ಒಂದು ಎಳೆಯ ಮೀನಿಗೆ ತಾನೇ ಎಲ್ಲರಿಗಿಂತ ಒಳ್ಳೆಯ ಚಿತ್ರವಾಗಬೇಕೆಂಬ ಆಸೆ ಹುಟ್ಟಿತು. ಅದು ಅಕ್ಕಪಕ್ಕದವರನ್ನೆಲ್ಲ ನೂಕಿ ಮೇವು ನುಂಗತೊಡಗಿತು.

"ನೂಕಬೇಡ ಕಣೇ, ಎಲ್ಲರಿಗೂ ಇದೆ," ಎಂದು ಹಿರಿಯ ಮೀನು ಗದರಿತು.

ಎಳೆಯ ಮೀನು ಕೇಳಿಸಿಕೊಳ್ಳಲಿಲ್ಲ. ಹೊಟ್ಟೆ ಬಿರಿಯುವಷ್ಟು ತಿಂದು, ನೀರಿನಿಂದ ಮೂತಿ ಎತ್ತಿ, "ಕಲಾವಿದರೇ, ನನ್ನ ಬಣ್ಣ ಹೇಗಿದೆ?" ಎಂದು ಕೇಳಿತು.

"ಹೊರಗೆ ನೀನು ಬರೀ ಬೆಳ್ಳಿ. ಕೆಂಪೆಲ್ಲ ಒಳಗಿದೆ. ಕೊಯ್ದು ನನ್ನ ಪಕ್ಕ ಇಟ್ಟರೆ ತಾನೇ ಹೇಳಲಾಗುವುದು, ತಾಯಿ?"

"ಬಣ್ಣ ಚೆನ್ನಾಗಿದ್ದರೆ ಏನು ಬಹುಮಾನ?"

"ಐಸಿನ ಪೆಟ್ಟಿಗೆಯಲ್ಲಿ ಜಾಗ."

ಬಾಯಲ್ಲಿದ್ದ ಕೊನೆಯ ಮೇವು ಹಾಗೇ ಜಾರಿಬಿತ್ತು.

ಮರುದಿನ ಮೇವು ಸುರಿದಾಗ ಎಳೆಯ ಮೀನು ಪಕ್ಕಕ್ಕೆ ಸರಿದು ನಿಂತಿತು.

"ಏನೇ, ಇವತ್ತು ಇಷ್ಟೊಂದು ಮರ್ಯಾದೆ?" ಎಂದಿತು ಹಿರಿಯ ಮೀನು.

"ನೀವೂ ಕಡಿಮೆ ತಿನ್ನಿ, ಅಕ್ಕಾ. ಆ ಕಲಾವಿದರು ಚಿತ್ರ ನೋಡುವುದು ಅದನ್ನು ಕೊಯ್ದ ಮೇಲೆ."