ಎದುರಿನವನು ಇಟ್ಟ ಬಿಲ್ಲೆ

“ಗುರುಗಳೇ, ನೀವು ಕೊಟ್ಟ ಪಟ್ಟಿಯನ್ನು ಒಂದಕ್ಷರ ಬಿಡದೆ ಪಾಲಿಸಿದೆ. ಆದರೂ ಮೂರು ಪಂದ್ಯಾವಳಿಗಳಲ್ಲಿ ಮಧ್ಯಾಹ್ನದ ಊಟಕ್ಕೆ ಮೊದಲೇ ಹೊರಬಿದ್ದೆ. ಪಟ್ಟಿ ತಪ್ಪೋ, ನನ್ನ ಹಣೆಬರಹ ತಪ್ಪೋ?”

ಹೀಗೆ ಕೇಳಿದವನು ಅಭಿನಂದನ. ಕೇಳಿಸಿಕೊಂಡವರು ಧಾರವಾಡದ ರಘೋತ್ತಮ ಮಾಸ್ತರರು. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಲೆ ಅವರು ಬೆಳಗಿನ ಹೊತ್ತು ನಾಲ್ಕಾರು ಜನಕ್ಕೆ ಪೋಕರ್ ಕಲಿಸುತ್ತಿದ್ದರು. ತಪ್ಪು ಯಾರದೆಂದು ಅವರು ಹೇಳಲಿಲ್ಲ. ಒಂದು ಕತೆ ಹೇಳಿದರು. ಕೇಳುವವನಿಗೆ ಏನೂ ಗೊತ್ತಿಲ್ಲವೆಂದು ತಿಳಿದು ಬುಡದಿಂದ ಹೇಳುವುದು ಅವರ ರೂಢಿ.

ಗದಗಿನಲ್ಲಿ ಒಬ್ಬ ಟೈಪಿಂಗ್ ಶಿಕ್ಷಕಿ ಇದ್ದಳು. ಹೆಸರು ಮಹಾನಂದಾ ಬಳಿಗಾರ. ಮೂವತ್ತು ವರ್ಷ ಅವಳು ಟೈಪಿಂಗ್ ಮತ್ತು ಶೀಘ್ರಲಿಪಿ ಕಲಿಸಿದಳು. ಯಾವ ಬೆರಳು ಯಾವ ಅಕ್ಷರದ ಮೇಲೆ ಎಂಬುದು ಒಮ್ಮೆ ನಿಶ್ಚಯವಾದರೆ ಮುಗಿಯಿತು, ಆಮೇಲೆ ಕೈ ನೋಡಬಾರದು. ಇದು ಅವಳ ವಿದ್ಯೆ. ಕಂಪ್ಯೂಟರ್ ಬಂದವು. ವಿದ್ಯಾರ್ಥಿಗಳು ಕಡಿಮೆಯಾದರು. ಒಂದು ವರ್ಷ ಒಬ್ಬರೂ ಬರಲಿಲ್ಲ. ಅವಳು ಸಂಸ್ಥೆಯ ಬಾಗಿಲು ಹಾಕಿದಳು.

ಸುಮ್ಮನೆ ಕೂರುವುದು ಅವಳಿಗೆ ಆಗದ ಮಾತು. ಒಂದು ಪುಸ್ತಕ ತಂದು ಪೋಕರ್ ಕಲಿತಳು. ಈ ಆಟದಲ್ಲಿ ಪ್ರತಿಯೊಬ್ಬರ ಕೈಗೂ ಎರಡು ಎಲೆ ಬರುತ್ತವೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಆಮೇಲೆ ತೆರೆಯುತ್ತಾರೆ. ಆ ಐದೂ ಮುಚ್ಚಿರುವಾಗಲೇ ಮೊದಲ ಸುತ್ತು ನಡೆಯುತ್ತದೆ. ಆಡುವವರು ಪಣವಾಗಿ ಬಿಲ್ಲೆ ಇಡುತ್ತಾರೆ. ಅಷ್ಟೇ ಇಡಲು ಒಲ್ಲದವರು ಎಲೆ ಬಿಡುತ್ತಾರೆ. ಕೊನೆಗೆ ಕೈಯ ಎರಡು, ಮೇಜಿನ ಐದು ಸೇರಿ ಯಾರ ಎಲೆಗಳು ಹೆಚ್ಚಿನವೋ ಇಟ್ಟ ಬಿಲ್ಲೆಯೆಲ್ಲ ಅವರದು. ಪುಸ್ತಕದ ಕೊನೆಯಲ್ಲಿ ಒಂದು ಪಟ್ಟಿ ಇತ್ತು. ಯಾವ ಕುರ್ಚಿಯಲ್ಲಿ ಕೂತಾಗ ಯಾವ ಎರಡು ಎಲೆ ಆಡಬೇಕು, ಯಾವುದನ್ನು ಬಿಡಬೇಕು ಎಂದು ಅದರಲ್ಲಿ ಬರೆದಿತ್ತು. ಅವಳು ಅದನ್ನು ತನ್ನ ಹಳೆಯ ಯಂತ್ರದಲ್ಲಿ ಟೈಪ್ ಮಾಡಿಕೊಂಡಳು. ನಲವತ್ತು ದಿನಕ್ಕೆ ಬಾಯಿಪಾಠವಾಯಿತು.

ಅವಳ ಅಣ್ಣನಿಗೆ ಇದು ಸರಿಬರಲಿಲ್ಲ.

“ನೀ ಇಸ್ಪೀಟ ಹಿಡದು ಕೂತ್ರ ಊರಾಗ ನಾ ಹ್ಯಾಂಗ ತಲಿ ಎತ್ತಿ ಅಡ್ಡಾಡ್ಲಿ? ಅದು ಬರೀ ನಸೀಬದ ಆಟ,” ಎಂದ.

“ನಸೀಬದ ಆಟ ಹೌದೋ ಅಲ್ಲೋ, ಮೂರು ವರ್ಷದಾಗ ಗೊತ್ತಾಗ್ತದ ಅಣ್ಣಾ. ಮೂರನೇ ವರ್ಷಾನೂ ಸೋತ್ರ ನಾ ಮತ್ತ ಎಲಿ ಮುಟ್ಟೂದಿಲ್ಲ,” ಎಂದಳು.

ಅಣ್ಣ ಅಂದಿನಿಂದ ಅವಳ ಮನೆಗೆ ಬರುವುದನ್ನು ಬಿಟ್ಟ.

ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ವರ್ಷಕ್ಕೊಮ್ಮೆ ಪಂದ್ಯಾವಳಿ ನಡೆಯುತ್ತಿತ್ತು. ಮೇಜಿನ ಮೇಲೆ ಯಾರೂ ಹಣ ಇಡುವಂತಿರಲಿಲ್ಲ. ಎಲ್ಲರಿಗೂ ಸಮನಾಗಿ ಬಿಲ್ಲೆ ಹಂಚುತ್ತಿದ್ದರು. ಬಿಲ್ಲೆ ಮುಗಿದವರು ಎದ್ದು ಹೋಗಬೇಕು. ಕೊನೆಗೆ ಉಳಿದ ಒಬ್ಬರಿಗೆ ರಾಜ್ಯ ತಂಡದಲ್ಲಿ ಸ್ಥಾನ. ಪ್ರತಿ ಆಟದಲ್ಲೂ ಇಬ್ಬರು ತಮ್ಮ ಎಲೆ ನೋಡುವ ಮೊದಲೇ ಬಿಲ್ಲೆ ಇಡಬೇಕಿತ್ತು. ಒಬ್ಬರು ಪೂರ್ತಿ, ಇನ್ನೊಬ್ಬರು ಅರ್ಧ. ಈ ಕಡ್ಡಾಯದ ಬಿಲ್ಲೆಗೆ ಬ್ಲೈಂಡ್ ಎನ್ನುತ್ತಾರೆ. ಇನ್ನು ಮುಂದೆ ಎರಡು, ಆರು ಎಂದರೆ ಅಷ್ಟು ಪಟ್ಟು ಬ್ಲೈಂಡ್ ಎಂದು ತಿಳಿದುಕೋ.

ಮೊದಲ ವರ್ಷ ಅವಳ ಮೇಜಿನಲ್ಲಿ ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ಹೆಸರು ಕೊಟ್ರೇಶಪ್ಪ. ಅವನು ಆರು ಇಟ್ಟ. ಮಹಾನಂದಾಳ ಕೈಯಲ್ಲಿ ಏಳು, ಎಂಟು, ಎರಡೂ ಆಟಿನ್. ಆ ಕುರ್ಚಿಗೆ ಇದು ಆಡುವ ಎಲೆ ಎಂದು ಪಟ್ಟಿ ಹೇಳಿತ್ತು. ಅವಳೂ ಆರು ಇಟ್ಟಳು. ಅವನು ಕೊನೆಗೆ ಎರಡು ರಾಜರನ್ನು ತೆರೆದು ತೋರಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಆರು ಇಟ್ಟ. ಅವಳು ಮತ್ತೆ ಪಟ್ಟಿಯಂತೆ ಆಡಿದಳು. ಈ ಸಲ ಅವನ ಕೈಯಲ್ಲಿ ಎರಡು ಎಕ್ಕ. ಹೀಗೆ ನಾಲ್ಕು ಸಲ. ಮಧ್ಯಾಹ್ನದೊಳಗೆ ಅವಳ ಮುಂದೆ ಒಂದೂ ಬಿಲ್ಲೆ ಇರಲಿಲ್ಲ.

ಎರಡನೆಯ ವರ್ಷವೂ ಕೊಟ್ರೇಶಪ್ಪ ಅವಳ ಮೇಜಿನಲ್ಲೇ ಇದ್ದ. ಅವಳ ಎದುರಿಗೆ ಒಬ್ಬ ನಿವೃತ್ತ ತಹಶೀಲ್ದಾರ ಕೂತಿದ್ದ. ಅವನು ಎರಡಕ್ಕಿಂತ ಹೆಚ್ಚು ಇಟ್ಟವನೇ ಅಲ್ಲ. ಅವಳು ಬ್ಲೈಂಡ್ ಇಟ್ಟು ಕೂತಾಗಲೆಲ್ಲ ಅವನು ಎರಡು ಇಡುವನು. ಅವಳು ಎಲೆ ನೋಡುವಳು. ಒಂಬತ್ತು, ಆರು. ಬಿಡು ಎನ್ನುತ್ತದೆ ಪಟ್ಟಿ. ಬಿಡುವಳು. ರಾಣಿ, ಏಳು. ಬಿಡುವಳು. ಅವಳು ಒಂದು ದೊಡ್ಡ ಆಟವನ್ನೂ ಸೋಲಲಿಲ್ಲ. ಆದರೂ ಬಿಲ್ಲೆಗಳು ಒಂದೊಂದಾಗಿ ಕರಗಿದವು. ಈ ಸಲವೂ ಮಧ್ಯಾಹ್ನಕ್ಕೆ ಎದ್ದಳು.

ಎದ್ದವರು ಬಸ್ ಹಿಡಿದು ಊರಿಗೆ ಹೋಗುತ್ತಾರೆ. ಅವಳು ಹೋಗಲಿಲ್ಲ. ಊರಿಗೆ ಹೋದರೆ ಅಣ್ಣನ ಮನೆಯ ಮುಂದೆ ಹಾದು ಹೋಗಬೇಕು, ಅದಕ್ಕೆ ಹೋಗಲಿಲ್ಲ. ಮೇಜಿನಿಂದ ಎರಡು ಮಾರು ದೂರ ಒಂದು ಕುರ್ಚಿ ಎಳೆದುಕೊಂಡು ಕೂತಳು. ಸೋತು ಕೂತವಳಿಗೆ ಮಾಡಲು ಕೆಲಸವಿರಲಿಲ್ಲ. ಚೀಲದಲ್ಲಿ ಒಂದು ನೋಟ್‌ಬುಕ್ ಇತ್ತು. ಯಾರು ಎಷ್ಟು ಇಟ್ಟರು, ಕೊನೆಗೆ ಯಾವ ಎಲೆ ತೆರೆದು ತೋರಿಸಿದರು ಎಂದು ಶೀಘ್ರಲಿಪಿಯಲ್ಲಿ ಬರೆಯತೊಡಗಿದಳು. ಸಂಜೆಯ ಹೊತ್ತಿಗೆ ಇನ್ನೂರ ಹದಿನಾಲ್ಕು ಆಟ ಬರೆದಿದ್ದಳು.

ಮನೆಗೆ ಬಂದು ಓದಿದಳು. ವ್ಯಾಪಾರಿ ಆರು ಇಟ್ಟಾಗಲೆಲ್ಲ ಅವನ ಕೈಯಲ್ಲಿ ಎಕ್ಕ ಅಥವಾ ರಾಜರ ಜೋಡಿ ಇತ್ತು, ಇಲ್ಲವೆ ಎಕ್ಕ ರಾಜ ಜೊತೆಯಾಗಿದ್ದವು. ಒಳ್ಳೆಯ ಎಲೆ ಕೈಗೆ ಬಂದರೆ ಅದನ್ನು ಕಳೆದುಕೊಳ್ಳುವ ಭಯಕ್ಕೆ ಅವನು ಹೆಚ್ಚು ಇಡುತ್ತಿದ್ದ. ನಡುವಿನ ಎಲೆಗಳಾದರೆ ಮೂರು ಇಡುತ್ತಿದ್ದ. ತಹಶೀಲ್ದಾರನೋ ಕೈಗೆ ಏನೇ ಬರಲಿ, ಎರಡು ಇಡುತ್ತಿದ್ದ.

ಅವಳು ಪುಸ್ತಕವನ್ನು ಮತ್ತೆ ತೆರೆದಳು. ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಎದುರಿನವರು ಎರಡೂವರೆ ಇಟ್ಟಾಗ ಮಾತ್ರ ಈ ಪಟ್ಟಿ ಎಂದು ಅದು ಹೇಳುತ್ತಿತ್ತು. ಟೈಪ್ ಮಾಡುವಾಗ ಅವಳು ಆ ಸಾಲನ್ನು ಬಿಟ್ಟಿದ್ದಳು. ಅದರಿಂದ ಕೆಲಸವಿಲ್ಲ ಎಂದುಕೊಂಡಿದ್ದಳು. ಹುಬ್ಬಳ್ಳಿಯ ಮೇಜಿನಲ್ಲಿ ಎರಡು ವರ್ಷದಲ್ಲಿ ಒಬ್ಬನೇ ಒಬ್ಬನೂ ಎರಡೂವರೆ ಇಟ್ಟಿರಲಿಲ್ಲ.

ಅವಳು ಅಂದು ಅತ್ತಳು. ಆಮೇಲೆ ಲೆಕ್ಕ ಹಾಕಿದಳು. ತನ್ನ ಬ್ಲೈಂಡ್ ಒಂದು ಆಗಲೇ ಮೇಜಿನ ಮೇಲಿದೆ. ಎದುರಿನವನು ಎರಡು ಇಟ್ಟರೆ ತಾನು ಇನ್ನೊಂದು ಇಟ್ಟರೆ ಸಾಕು, ಅವನ ಎರಡು, ತನ್ನ ಒಂದು, ಇನ್ನೊಬ್ಬರ ಅರ್ಧ ಸೇರಿ ಮೂರೂವರೆ ಸಿಗಬಹುದು. ನಾಲ್ಕರಲ್ಲಿ ಒಂದು ಸಲ ಗೆದ್ದರೂ ನಷ್ಟವಿಲ್ಲ. ಅವನು ಆರು ಇಟ್ಟರೆ ತಾನು ಇನ್ನೂ ಐದು ಇಡಬೇಕು, ಸಿಗುವುದು ಏಳೂವರೆ. ಐದರಲ್ಲಿ ಎರಡು ಸಲ ಗೆಲ್ಲಲೇಬೇಕು. ಅದೇ ಕುರ್ಚಿ, ಅದೇ ಎರಡು ಎಲೆ. ಒಂದು ಕಡೆ ಆಡುವುದು ಜಾಣತನ, ಇನ್ನೊಂದು ಕಡೆ ಅದೇ ದಡ್ಡತನ. ಒಂದು ವರ್ಷ ಅವಳು ಈ ಲೆಕ್ಕವನ್ನೇ ಮಾಡಿದಳು. ಆರು ಎಂದರೆ ಯಾವ ಎಲೆ, ಮೂರು ಎಂದರೆ ಯಾವುದು, ಎರಡು ಎಂದರೆ ಯಾವುದು. ಅಡುಗೆ ಮಾಡುವಾಗಲೂ ಮಾಡಿದಳು.

ಮೂರನೆಯ ವರ್ಷ ಬಂತು. ಅರವತ್ತು ಜನ ಆಡಲು ಬಂದಿದ್ದರು. ಕೊಟ್ರೇಶಪ್ಪ ಅವಳನ್ನು ಕಂಡು ನಕ್ಕು, “ಅಕ್ಕಾರ, ಊಟಾ ಮಾಡ್ಕೊಂಡು ಬಂದೀರೋ, ಇಲ್ಲಾ ಮನೀಗೆ ಹೋಗಿ ಮಾಡ್ತೀರೋ?” ಎಂದ. ಸುತ್ತ ನಿಂತವರೂ ನಕ್ಕರು. ಅವಳು ಹೋಗಿ ತನ್ನ ಕುರ್ಚಿಯಲ್ಲಿ ಕೂತಳು.

ಆಟ ಮೊದಲಾಯಿತು. ತಹಶೀಲ್ದಾರ ಎಂದಿನಂತೆ ಎರಡು ಇಟ್ಟ. ಅವಳ ಕೈಯಲ್ಲಿ ಒಂಬತ್ತು, ಆರು. ಈ ಸಲ ಬಿಡಲಿಲ್ಲ. ಮೇಜಿನ ಮೇಲೆ ಎರಡು ಆರು ತೆರೆದವು. ಅವಳು ಗೆದ್ದಳು. ಮುಂದಿನ ಸಲ ಸೋತಳು. ಅದರ ಮುಂದಿನ ಸಲ ಮತ್ತೆ ಗೆದ್ದಳು. ತಹಶೀಲ್ದಾರನ ಬಿಲ್ಲೆಗಳು ನಿಧಾನವಾಗಿ ಅವಳ ಕಡೆಗೆ ಬಂದವು. ಅವನಿಗೆ ಕಾರಣ ತಿಳಿಯಲಿಲ್ಲ.

ಕೊಟ್ರೇಶಪ್ಪ ಆರು ಇಟ್ಟ. ಅವಳ ಕೈಯಲ್ಲಿ ಎಕ್ಕ, ಗುಲಾಮ. ಬಿಟ್ಟಳು. ಮತ್ತೆ ಆರು ಇಟ್ಟ. ಎಕ್ಕ, ಹತ್ತು. ಬಿಟ್ಟಳು. ಮೂವರೇ ಉಳಿದಾಗ ಅವನು ಮತ್ತೊಮ್ಮೆ ಆರು ಇಟ್ಟ. ಅವಳ ಕೈಯಲ್ಲಿ ಎರಡು ಹತ್ತು ಇದ್ದವು. ಆ ದಿನ ಅವಳಿಗೆ ಬಂದ ಅತಿ ಒಳ್ಳೆಯ ಕೈ ಅದು. ಆದರೂ ಬಿಟ್ಟಳು. ಅವನಿಗೆ ತಡೆಯಲಾಗಲಿಲ್ಲ. ತನ್ನ ಎರಡು ರಾಜರನ್ನು ಎತ್ತಿ ಎಲ್ಲರಿಗೂ ತೋರಿಸಿದ. ಅವಳು ಮನಸ್ಸಿನಲ್ಲೇ ಬರೆದುಕೊಂಡಳು.

ಸಂಜೆ ಏಳು ಗಂಟೆಗೆ ಅರವತ್ತು ಜನರಲ್ಲಿ ಇಬ್ಬರು ಉಳಿದರು. ಶಿಕ್ಷಕಿ ಮತ್ತು ವ್ಯಾಪಾರಿ. ಹೊರಬಿದ್ದವರೆಲ್ಲ ಮೇಜಿನ ಸುತ್ತ ನಿಂತರು. ಅವನ ಬಿಲ್ಲೆಗಳು ಅವಳಿಗಿಂತ ಹೆಚ್ಚಿದ್ದವು.

ಅವನು ಮೂರು ಇಟ್ಟ. ಅವಳು ತನ್ನ ಮುಂದಿದ್ದುದನ್ನೆಲ್ಲ ಮುಂದಕ್ಕೆ ತಳ್ಳಿದಳು. ಅವನು ಬಹಳ ಹೊತ್ತು ಯೋಚಿಸಿ ಎಲೆ ಬಿಟ್ಟ. ಮುಂದೆ ಮತ್ತೆ ಮೂರು ಇಟ್ಟ. ಅವಳು ಮತ್ತೆ ಎಲ್ಲವನ್ನೂ ತಳ್ಳಿದಳು. ಅವನು ಮತ್ತೆ ಬಿಟ್ಟ. ಹೀಗೆ ಆರು ಸಲ ನಡೆಯಿತು. ನಡುವೆ ಅವನು ಎರಡು ಸಲ ಆರು ಇಟ್ಟ. ಎರಡು ಸಲವೂ ಅವಳು ತಕ್ಷಣ ಎಲೆ ಬಿಟ್ಟಳು. ಅಷ್ಟರಲ್ಲಿ ಅವಳ ಬಿಲ್ಲೆಗಳು ಅವನಿಗಿಂತ ಹೆಚ್ಚಾಗಿದ್ದವು. ನಿಂತಿದ್ದವರು ಈಗ ಯಾರೂ ನಗುತ್ತಿರಲಿಲ್ಲ.

ಆಗ ಅವನು ನಾಲ್ಕು ಇಟ್ಟ.

ನಾಲ್ಕು ಅವಳ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಎರಡು ವರ್ಷದಲ್ಲಿ ಅವನು ಒಮ್ಮೆಯೂ ನಾಲ್ಕು ಇಟ್ಟಿರಲಿಲ್ಲ. ಅವಳ ಕೈಯಲ್ಲಿ ಎಕ್ಕ, ಹತ್ತು. ನೆನಪಿಸಿಕೊಳ್ಳಲು ಯಾವ ಪಟ್ಟಿಯೂ ಇರಲಿಲ್ಲ. ಅವಳು ಮೊದಲ ಬಾರಿಗೆ ತಲೆಯೆತ್ತಿ ಎದುರಿಗೆ ಕೂತ ಮನುಷ್ಯನನ್ನು ನೋಡಿದಳು. ಇವನ ಕೈಯಲ್ಲಿ ರಾಜರಿದ್ದರೆ ಆರು ಇಡುತ್ತಿದ್ದ. ಇಷ್ಟು ಹೊತ್ತು ಮೂರು ಇಟ್ಟು ಇಟ್ಟು ಎಲೆ ಬಿಟ್ಟಿದ್ದಾನೆ. ಇದು ಮೂರರ ಕೈಯೇ. ಮೂರು ಇಡಲು ಹೆದರಿ ಒಂದನ್ನು ಹೆಚ್ಚಿಗೆ ಇಟ್ಟಿದ್ದಾನೆ.

ಅವಳು ಎಲ್ಲವನ್ನೂ ಮುಂದಕ್ಕೆ ತಳ್ಳಿದಳು.

ಅವನು ಈ ಸಲ ಎಲೆ ಬಿಡಲಿಲ್ಲ. ಸಿಟ್ಟಿಗೆ ತನ್ನದನ್ನೆಲ್ಲ ತಂದು ನಡುವೆ ಸುರಿದ. ಇಬ್ಬರೂ ಎಲೆ ತೆರೆದರು. ಅವನದು ರಾಣಿ, ಒಂಬತ್ತು. ಐದರಲ್ಲಿ ಮೂರು ಪಾಲು ಅವಳ ಕಡೆಗಿತ್ತು, ಎರಡು ಪಾಲು ಅವನ ಕಡೆಗೆ. ಇದಕ್ಕಿಂತ ಹೆಚ್ಚಿನದನ್ನು ಈ ಆಟ ಯಾರಿಗೂ ಸುಲಭವಾಗಿ ಕೊಡುವುದಿಲ್ಲ.

ಮೇಜಿನ ಮೇಲೆ ಮೂರು ಎಲೆ ತೆರೆದವು. ಏಳು, ಎರಡು, ಹತ್ತು. ಅವಳಿಗೆ ಹತ್ತರ ಜೋಡಿಯಾಯಿತು. ನಾಲ್ಕನೆಯದು ಒಂಬತ್ತು. ಅವನಿಗೂ ಜೋಡಿಯಾಯಿತು. ಇನ್ನೊಂದು ಒಂಬತ್ತೋ, ಒಂದು ರಾಣಿಯೋ ಬಂದರೆ ಆಟ ಅವನದು. ಐದನೆಯ ಎಲೆ ತೆರೆಯಿತು. ಕಳಾವರ್ ನಾಲ್ಕು.

ಮಂಟಪದಲ್ಲಿ ಎದ್ದ ಕೂಗು ಬೀದಿಗೆ ಕೇಳಿಸಿತು. ಬೆಳಿಗ್ಗೆ ನಕ್ಕವರೇ ಅವಳನ್ನು ಕುರ್ಚಿಯ ಸಮೇತ ಎತ್ತಿದರು. “ಇಳಸ್ರೆಪಾ, ಬಿದ್ದೇನು!” ಎಂದು ಅವಳು ಕೂಗುತ್ತಲೇ ನಗುತ್ತಿದ್ದಳು. ಐವತ್ತಾರು ವರ್ಷದ ಹೆಂಗಸು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಕೊಟ್ರೇಶಪ್ಪ ಒಳ್ಳೆಯ ಮನುಷ್ಯ. ಗುಂಪು ಕರಗಿದ ಮೇಲೆ ಹತ್ತಿರ ಬಂದು ಕೈಮುಗಿದ.

“ಅಕ್ಕಾರ, ಒಂದು ಮಾತು ಕೇಳ್ತೀನಿ. ನನ್ನ ಕೈಯಾಗ ಏನೈತಿ ಅಂತ ನಿಮಗ ಯಾರು ಹೇಳ್ತಿದ್ರು?”

“ನೀವೇ ಹೇಳ್ತಿದ್ರಲ್ಲ,” ಎಂದಳು. “ಮೊದಲ ವರ್ಷದಿಂದಾನೂ ಹೇಳಾಕತ್ತಿದ್ರಿ. ನಾ ಕೇಳಿಸ್ಕೊಂಡಿರಲಿಲ್ಲ.”

ಮರುದಿನದ ಪತ್ರಿಕೆಯಲ್ಲಿ ಅವಳ ಚಿತ್ರ ಬಂತು. ಅಣ್ಣ ಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವಳ ಮನೆಗೆ ಬಂದ. ದಾರಿಯಲ್ಲಿ ಸಿಕ್ಕವರಿಗೆಲ್ಲ ತೋರಿಸುತ್ತ ಬಂದದ್ದರಿಂದ ಹತ್ತು ನಿಮಿಷದ ದಾರಿಗೆ ಒಂದು ತಾಸು ಹಿಡಿಯಿತು. ಆ ವರ್ಷ ಅವಳು ರಾಜ್ಯ ತಂಡದಲ್ಲಿ ಆಡಿದಳು. ಮುಂದಿನ ನಾಲ್ಕು ವರ್ಷವೂ ಆಡಿದಳು.

ಮಾಸ್ತರರು ಇಲ್ಲಿಗೆ ನಿಲ್ಲಿಸಿದರು.

“ಆದರೆ ಗುರುಗಳೇ, ನನ್ನ ಎಲೆಗಳು ಚೆನ್ನಾಗಿದ್ದವು. ಹೋದ ವಾರ ನಾನು ಹೊರಬಿದ್ದಾಗ ಕೈಯಲ್ಲಿ ಎಕ್ಕ, ರಾಣಿ, ಎರಡೂ ಇಸ್ಪೀಟು. ಎಲೆ ಹಂಚುವವನ ಎಡಗಡೆಯಿಂದ ಮೂರನೆಯ ಕುರ್ಚಿ. ಎಲ್ಲವೂ ಪಟ್ಟಿಯಂತೆಯೇ ಇತ್ತು.”

“ಎದುರಿನವನು ಎಷ್ಟು ಇಟ್ಟಿದ್ದ?” ಎಂದರು ಮಾಸ್ತರರು.

“ಅದನ್ನು ನಾನು ನೋಡಲೇ ಇಲ್ಲ,” ಎಂದು ಅಭಿನಂದನ ಜೇಬಿನಿಂದ ಪಟ್ಟಿಯನ್ನು ತೆಗೆದು ಅದರ ಕೆಳಗಿನ ಸಣ್ಣ ಅಕ್ಷರಗಳನ್ನು ಓದತೊಡಗಿದ.