ಕುಳ್ಳ ಮರಿಯೂ ದಪ್ಪ ಪುಸ್ತಕವೂ

ಮೇಕೆಯೊಂದು ತನ್ನ ಕುಳ್ಳ ಮರಿಯನ್ನು ಕಾಡಿನ ಡಾಕ್ಟರಾದ ಕೊಕ್ಕರೆಯ ಹತ್ತಿರ ಕರೆತಂದಿತು. ಬೇಸಿಗೆಯಲ್ಲಿ ಹುಲ್ಲು ಒಣಗಿದರೆ ಜಾಲಿಯ ಕೊಂಬೆಯೇ ಗತಿ. ಅದು ಎಟುಕದ ಮರಿ ಉಳಿಯೋದಿಲ್ಲ ಅನ್ನೋ ಭಯ ತಾಯಿಗೆ.

"ಇದಕ್ಕೆ ಏನು ಮದ್ದು?" ಅಂತ ಕೊಕ್ಕರೆ ಮೇಜಿನ ಮೇಲಿದ್ದ ಚಿಕಿತ್ಸೆಯ ಮಾರ್ಗಸೂಚಿ ಪುಸ್ತಕವನ್ನು ಕೇಳಿತು.

ದಪ್ಪ ಪುಸ್ತಕ ಗಂಟಲು ಸರಿಮಾಡಿಕೊಂಡಿತು. "ನಲವತ್ತನೇ ಪುಟ ನೋಡಿ. ಅದು ಮುನ್ನೂರನೇ ಪುಟಕ್ಕೆ ಕಳಿಸುತ್ತೆ. ಅಲ್ಲಿಂದ ವಾಪಸ್ ನಲವತ್ತಕ್ಕೆ ಬನ್ನಿ."

"ಹೊರಗೆ ಅರವತ್ತು ರೋಗಿಗಳು ಕೂತಿದ್ದಾರೆ ಮಾರಾಯ, ಒಂದೇ ಮಾತಲ್ಲಿ ಹೇಳು!"

"ಒಂದೇ ಮಾತಲ್ಲಿ ಹೇಳೋಕೆ ನಾನೇನು ಚೀಟಿಯೇ?"

ಕೊಕ್ಕರೆ ಮೇಕೆಗೆ, "ಮುಂದಿನ ತಿಂಗಳು ಬಾರಮ್ಮ," ಅಂದಿತು. ಹೀಗೆ ಆರು ಸಲ ಅಂದಿತು. ಏಳನೇ ತಿಂಗಳು ಕೊನೆಗೂ ಮದ್ದಿನ ಪುಟ ಸಿಕ್ಕಿತು: ಮೂಳೆ ಬಲಿಯುವ ಮುಂಚೆಯೇ ಮದ್ದು ಶುರು ಮಾಡಬೇಕಂತೆ. ಅಷ್ಟರಲ್ಲಿ ಮರಿಯ ಮೂಳೆ ಬಲಿತಿತ್ತು, ಹುಲ್ಲೂ ಒಣಗಿತ್ತು.

ಮೇಕೆ ಅಳಲಿಲ್ಲ. ಪುಸ್ತಕವನ್ನು ಕಚ್ಚಿ ಎಳೆದುಕೊಂಡು ಹೋಗಿ ಜಾಲಿಯ ಕೆಳಗೆ ಹಾಕಿ, ಮರಿಯನ್ನು ಅದರ ಮೇಲೆ ಹತ್ತಿಸಿತು.

ಮರಿ ಕತ್ತು ಚಾಚಿ ಚಾಚಿ ಸೋತಿತು. "ಅಮ್ಮಾ, ಇನ್ನೂ ನಾಲ್ಕು ಬೆರಳು ಬೇಕು."

"ಚಿಂತೆ ಬೇಡ," ಅಂತ ಕಾಲಡಿಯಿಂದ ಪುಸ್ತಕ ಸಮಾಧಾನ ಹೇಳಿತು. "ಬರೋ ವರ್ಷದ ಆವೃತ್ತಿ ಇನ್ನೂ ದಪ್ಪ ಇರುತ್ತೆ."