ಮಸಿ ಹಚ್ಚದ ಓಲೆ

ಗಲಾಟೆ ಸಾಕು, ಕೂತ್ಕೊಳ್ಳಿ. ಹಿಂದಿನ ಸಾಲಿನೋರೂ ಹತ್ತಿರ ಬನ್ನಿ, ನನ್ನ ಗಂಟಲು ಮೊದಲಿನ ಹಾಗಿಲ್ಲ. ಇವತ್ತು ಹೇಳೋದು ಹಿರೇಗುಡ್ಡ ಅನ್ನೋ ರಾಜ್ಯದ ಮಾತು. ಅಲ್ಲಿ ಕೆಂಚರಸ ಅಂತ ಒಬ್ಬ ದೊರೆ ಇದ್ದ. ಹಣೆ ತುಂಬ ವಿಭೂತಿ, ಬಾಯಿ ತುಂಬ ದೇವರ ಹೆಸರು. ಒಳಗೆ ಮಾತ್ರ ಬರೀ ಆಸೆ.

ಆ ರಾಜ್ಯಕ್ಕೆಲ್ಲ ಒಂದೇ ಧರ್ಮಗ್ರಂಥ. ತಾಳೆಗರಿಯದ್ದು, ನೂರೊಂದು ಓಲೆ. ಗುರುವಿನ ಕಟ್ಟು ಅಂತಿದ್ದರು. ತಾಳೆಗರಿ ಮೇಲೆ ಅಕ್ಷರ ಬರೆಯೋದಲ್ಲ, ಕಬ್ಬಿಣದ ಕಂಟದಿಂದ ಕೊರೆಯೋದು. ಕೊರೆದ ಅಕ್ಷರ ಹಾಗೇ ಕಣ್ಣಿಗೆ ಕಾಣಲ್ಲ. ವರ್ಷಕ್ಕೊಮ್ಮೆ ಎಣ್ಣೆ ಸವರಿ, ಹಳೇದನ್ನ ಒರೆಸಿ, ದೀಪದ ಮಸಿ ತಿಕ್ಕಬೇಕು. ಆಗ ಕಪ್ಪಗೆ ಎದ್ದು ಕಾಣ್ತವೆ. ಆ ಕೆಲಸ ಹೊನ್ನಾಜಮ್ಮನದು. ಅವಳಿಗೆ ಓದು ಬರಲ್ಲ. ಆದರೆ ಅವಳು ಮಸಿ ತಿಕ್ಕಿಕೊಟ್ಟ ಒಂದೊಂದು ಓಲೇನೂ ಗುರುಶಾಂತಯ್ಯ ಅನ್ನೋ ಓದುಗಾರ ಜೋರಾಗಿ ಓದ್ತಿದ್ದ. ನಲವತ್ತು ವರ್ಷ ಕೇಳೀ ಕೇಳೀ ನೂರೊಂದೂ ಅವಳಿಗೆ ಬಾಯಿಪಾಠ.

ಒಂದು ವರ್ಷ ದೊರೆ ಬಂದು ಪಕ್ಕದಲ್ಲೇ ಕೂತ. ಹಳೇ ಮಸಿ ಒರೆಸೋಕೆ ಮುಂಚೆ ಒಂದೊಂದು ಓಲೇನೂ ಓದಿಸಿ ಕೇಳಿದ. "ದೊರೆ ಕೋಟೆ ಕಟ್ಟೋಕೆ ಪ್ರಜೆಗಳು ಬಂದು ದುಡೀಲಿ" ಅನ್ನೋ ಓಲೆ ಬಂತು. "ಇದಕ್ಕೆ ಮಸಿ ಹಾಕು" ಅಂದ. "ಬಿತ್ತನೆ ಕಾಲದಲ್ಲಿ ಯಾರನ್ನೂ ಕರೀಬಾರದು" ಅನ್ನೋ ಓಲೆ ಬಂತು. "ಇದು ಬಿಡು" ಅಂದ.

ಮರು ವರ್ಷವೂ ಬಂದ. "ಸುಳ್ಳು ಹೇಳಿದ ಪ್ರಜೆಗೆ ಇಪ್ಪತ್ತು ಏಟು." ಮಸಿ ಹಾಕು. "ಸುಳ್ಳು ಹೇಳಿದ ದೊರೆಗೆ ನಲವತ್ತು." ಬಿಡು. "ನ್ಯಾಯ ನಡೆಸೋ ತನಕ ಮಾತ್ರ ದೊರೆ ಮಾತು ಕೇಳಿ" ಅನ್ನೋದೂ ಅವನಿಗೆ ಮುಳ್ಳಿನ ಹಾಗೆ ಚುಚ್ಚಿತು. ಅದನ್ನೂ ಬಿಡಿಸಿದ.

ಮೂರನೇ ವರ್ಷ ಹೊನ್ನಾಜಮ್ಮನ ಗಂಡ ತೀರಿಕೊಂಡ. ಮಕ್ಕಳಿಲ್ಲ. ಕೆರೆ ಕೆಳಗೆ ಒಂದು ರಾಗಿ ಹೊಲ, ಅಷ್ಟೇ ಅವಳ ಬದುಕು. ದೊರೆ ಕಣ್ಣು ಅದರ ಮೇಲೆ ಬಿತ್ತು. "ವಾರಸುದಾರರಿಲ್ಲದ ಭೂಮಿ ಅರಸನದು" ಅನ್ನೋ ಓಲೆಗೆ ಮಸಿ ಹಾಕಿಸಿದ. ಅದರ ಮಗ್ಗುಲಲ್ಲಿದ್ದ ಓಲೆ ಬಿಡಿಸಿದ. ಹೊಲ ಬಿಡು ಅಂತ ಅವಳಿಗೆ ಹೇಳಿಕಳಿಸಿದ.

ಅವಳು ಅಳಲಿಲ್ಲ, ಕಾಲು ಹಿಡೀಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಸಭೆಗೆ ಹೋದಳು.

"ಬುದ್ಧೀ, ಮಗ್ಗುಲ ಓಲೆ ಏನು ಹೇಳುತ್ತೆ ಓದಿಸಿ."

"ಅದು ನನ್ನ ಮನಸ್ಸಿಗೆ ಒಪ್ಪಲಿಲ್ಲ ಹೊನ್ನಾಜಿ. ಭಕ್ತ ಅಂದಮೇಲೆ ಒಪ್ಪಿದ್ದು ಹಿಡೀತಾನೆ, ಒಪ್ಪದ್ದು ಬಿಡ್ತಾನೆ. ಇದರಲ್ಲೇನು ತಪ್ಪು?"

"ಭಕ್ತರು ಅಂದರೆ ನೀವೊಬ್ಬರೇನಾ, ನಾವೂ ಸೇರಿದೀವಾ?"

ಸಭೆ ತುಂಬಿತ್ತು. ಇಲ್ಲ ಅನ್ನೋಕೆ ದೊರೆಗೆ ನಾಚಿಕೆ. "ಆಗಲಿ. ಮಸಿ ಹಾಕಿದ ಓಲೇಲಿ ಯಾರಿಗೆ ಯಾವುದು ಬೇಕೋ ಹಿಡ್ಕೊಳ್ಳಿ. ಮೂರು ದಿನ. ನಾಲ್ಕನೇ ದಿನ ನೀನು ಹೊಲ ಬಿಡಬೇಕು" ಅಂದ.

ಅವಳು ಮನೆ ಮನೆ ಸುತ್ತಿ ಬಂದಳು.

ಮೊದಲನೇ ದಿನ ಅರಮನೆ ಒಲೆ ಹೊತ್ತಲಿಲ್ಲ. "ಉಪವಾಸದಿಂದ ಮನಸ್ಸು ತಿಳಿಯಾಗುತ್ತೆ, ಅದೇ ಓಲೆ ಹಿಡಿದಿದೀವಿ" ಅಂದರು ಅಡಿಗೆಯೋರು. ದೊರೆ ಬಾಳೆಹಣ್ಣು ತಿಂದು ಮಲಗಿದ.

ಎರಡನೇ ದಿನ ಕೋಟೆ ಬಾಗಿಲಲ್ಲಿ ಕಾವಲಿಲ್ಲ. ಈಟಿಗಳೆಲ್ಲ ಗೋಡೆಗೆ ಒರಗಿದ್ದವು. "ಆಯುಧ ಕೆಳಗಿಡು ಅಂತ ಓಲೇಲಿದೆ ಬುದ್ಧೀ" ಅಂದರು ಕಾವಲಿನೋರು. ಊರ ದನ ಬಂದು ಹೂದೋಟ ಮೇಯ್ದು ಹೋದವು. ದೊರೆ ಹಲ್ಲು ಕಡಿದ.

ಮೂರನೇ ದಿನ ಪಲ್ಲಕ್ಕಿ ಹೊರೋರು ಪೇಟೆ ನಡುವೆ ಪಲ್ಲಕ್ಕಿ ಇಳಿಸಿಬಿಟ್ಟರು. "ನಮ್ಮ ಒಡೆಯ ದೇವರೊಬ್ಬನೇ" ಅಂದರು. ಅದು ಭಕ್ತಿಯ ಮಾತು, ತನಗೇನೂ ನಷ್ಟವಿಲ್ಲ ಅಂತ ದೊರೆಯೇ ಮಸಿ ಹಾಕಿಸಿದ್ದ ಓಲೆ. ಎಳನೀರು ಮಾರೋಳೂ ಎದ್ದು ನಿಲ್ಲಲಿಲ್ಲ. ಮಟಮಟ ಮಧ್ಯಾಹ್ನ, ಸುಡೋ ಮಣ್ಣಲ್ಲಿ ದೊರೆ ಬರಿಗಾಲಲ್ಲಿ ಅರಮನೆ ಅಂಗಳಕ್ಕೆ ನಡೆದು ಬಂದ, ಹಿಂದೇ ಊರ ಜನ. ಅಲ್ಲಿ ಗುರುವಿನ ಕಟ್ಟಿನ ಹತ್ತಿರ ಗುರುಶಾಂತಯ್ಯನೂ ಹೊನ್ನಾಜಮ್ಮನೂ ಕೂತಿದ್ದರು. ಬರುತ್ತಲೇ ಗುರುಶಾಂತಯ್ಯನ ಮೇಲೆ ಹಾರಿದ.

"ದೊರೆ ಮಾತು ಕೇಳಿ ಅಂತ ಒಂದು ಓಲೆ ಇದೆಯಲ್ಲ, ತೆಗೀರಿ. ಈಗಲೇ ಓದಿ."

ಗುರುಶಾಂತಯ್ಯ ಓಲೆ ಎತ್ತಿ ಬಿಸಿಲಿಗೆ ಹಿಡಿದ. "ಏನೂ ಕಾಣಲ್ಲ ಬುದ್ಧೀ. ಇದಕ್ಕೆ ಮಸಿ ಬೇಡ ಅಂದೋರು ನೀವೇ."

ದೊರೆ ಹೊನ್ನಾಜಮ್ಮನ ಕಡೆ ತಿರುಗಿದ. "ತಿಕ್ಕು."

"ತಿಕ್ಕಲ್ಲ. ತಿಕ್ಕಿದರೆ ಬಿಟ್ಟವನ್ನೆಲ್ಲ ತಿಕ್ಕಬೇಕು. ನಿಮಗೆ ಬೇಕಾದ್ದೊಂದಕ್ಕೇ ಇನ್ನು ನನ್ನ ಕೈ ಏಳಲ್ಲ. ಕೊಲ್ಲಿಸ್ತೀರಾ, ಕೊಲ್ಲಿಸಿ."

ಕೊಲ್ಲೋಕೆ ಈಟಿ ಹಿಡಿಯೋರು ಯಾರಿದ್ದರು? ದೊರೆ ಸುತ್ತ ನೋಡಿದ. ಜನ ಯಾರೂ ತಲೆ ತಗ್ಗಿಸಿರಲಿಲ್ಲ. ಬಿಟ್ಟವನ್ನೆಲ್ಲ ತಿಕ್ಕದೆ ಇವರು ಕದಲಲ್ಲ ಅಂತ ಗೊತ್ತಾಗಿ ಕೊನೆಗೆ ಅವನೇ ಕೂತ. ಮಸಿಯೊಳಗೆ ಬೆರಳು ಅದ್ದಿದ. ಒಂದು ಓಲೆ ತಿಕ್ಕಿದ, ಓದಿದ. ಇನ್ನೊಂದು ತಿಕ್ಕಿದ, ಓದಿದ. ಹೊತ್ತು ಇಳಿಯೋ ಹೊತ್ತಿಗೆ ಹೊಲದ ಮಗ್ಗುಲ ಓಲೆ ಬಂತು. ಅದನ್ನ ಓದದೇ ಕೆಳಗಿಡೋಕೆ ಹೋದ. ಜನ ಕಾದರು. ಓದಿದ: "ಗಂಡ ಸತ್ತ ಹೆಣ್ಣು ಬೇಸಾಯ ಬಿಡದ ತನಕ ಹೊಲ ಅವಳದೇ. ಅದನ್ನ ಮುಟ್ಟಿದ ಅರಸ ಅರಸನಲ್ಲ."

ಸೋತೋನಿಗೆ ಸಿಟ್ಟು ಜಾಸ್ತಿ. "ಭಾರಿ ಮಾತಾಡ್ತೀಯ. ನೀನು ನೂರೊಂದನ್ನೂ ಪಾಲಿಸ್ತೀಯಾ?" ಅಂದ.

"ಇಲ್ಲ" ಅಂದಳು ಹೊನ್ನಾಜಮ್ಮ. "ಸಿಟ್ಟು ಬಿಡು ಅಂತ ಒಂದು ಓಲೆ ಇದೆ. ಈ ವಯಸ್ಸಿಗೂ ಅದು ನನ್ನ ಕೈಲಾಗಿಲ್ಲ. ಈಗಲೂ ನಿಮ್ಮನ್ನ ನೋಡಿದರೆ ಮೈ ಉರೀತದೆ. ಆದರೆ ಪ್ರತಿ ವರ್ಷ ಆ ಓಲೆಗೇ ಎಲ್ಲಕ್ಕಿಂತ ಗಟ್ಟಿಯಾಗಿ ಮಸಿ ತಿಕ್ಕಿದೀನಿ. ನನ್ನ ತಪ್ಪು ನನಗೆ ಕಾಣ್ತಾ ಇರಲಿ ಅಂತ."

ದೊರೆ ಮುಂದಿನ ಓಲೆಗೆ ಮಸಿ ತಿಕ್ಕಿದ. ಅವಳು ಎದ್ದು ಹೊಲಕ್ಕೆ ಹೋದಳು.

ಕೇಳಿಸಿಕೊಂಡಿರಾ? ಧರ್ಮದ ಮಾತನ್ನೆಲ್ಲ ಪಾಲಿಸೋಕೆ ಆಗದೇ ಇರಬಹುದು, ಯಾರಿಗೂ ಪೂರ್ತಿ ಆಗಲ್ಲ. ಆಗಲಿಲ್ಲ ಅಂತ ಒಪ್ಪಿಕೊಳ್ಳಿ. ಆದರೆ ನಿಮ್ಮನ್ನ ತಿದ್ದೋ ಮಾತನ್ನ ಮುಚ್ಚಿಟ್ಟು, ಇನ್ನೊಬ್ಬರನ್ನ ಕಟ್ಟಿಹಾಕೋ ಮಾತನ್ನ ಮಾತ್ರ ಎತ್ತಿ ತೋರಿಸಬೇಡಿ. ಹಾಗೆ ಮಾಡೋನು ಪೂಜೆ ಮಾಡೋದು ದೇವರನ್ನಲ್ಲ, ತನ್ನನ್ನೇ.